ಮಂಗಳೂರಿನಲ್ಲಿ ಎರಡು ದಿನ: ಮೀನಿನ ಊಟಕ್ಕೊಂದು ಕೈಪಿಡಿ

ಮಂಗಳೂರಿನ ಮೀನಿನ ಊಟದ ಮುಖ್ಯ ರುಚಿಗಳನ್ನೆಲ್ಲ ಒಂದು ಸುತ್ತು ನೋಡಲು ಎರಡು ದಿನ ಸಾಕು. ಹೆಸರಾಂತ ಹೋಟೆಲುಗಳ ಪಟ್ಟಿಯೊಂದನ್ನೇ ಹಿಡಿದು ಹೊರಟವರು ಮಾತ್ರ ನಾಲ್ಕು ಊಟಗಳಲ್ಲೂ ಒಂದೇ ಅಂಜಲ್ ಫ್ರೈ ತಿಂದು ಮರಳುವುದುಂಟು. ಹೋಟೆಲನ್ನು ಆರಿಸುವ ಮೊದಲು ಮೂರು ಸಂಗತಿಗಳು ಗೊತ್ತಿರಬೇಕು: ಆ ತಿಂಗಳಲ್ಲಿ ಯಾವ ಮೀನು ಬರುತ್ತದೆ, ಯಾವ ಮೀನಿಗೆ ಯಾವ ಅಡುಗೆ ಒಪ್ಪುತ್ತದೆ, ಯಾವುದನ್ನು ಯಾವ ಹೊತ್ತಿನಲ್ಲಿ ತಿನ್ನಬೇಕು. ಇಷ್ಟು ತಿಳಿದರೆ ಸಾಧಾರಣ ಹೋಟೆಲಿನಲ್ಲೂ ಒಳ್ಳೆಯ ಊಟ ಸಿಗುತ್ತದೆ.

ನೇತ್ರಾವತಿ ಮತ್ತು ಫಲ್ಗುಣಿ (ಗುರುಪುರ) ನದಿಗಳು ಅರಬ್ಬಿ ಸಮುದ್ರ ಸೇರುವ ಅಳಿವೆಯಲ್ಲಿ ಮಂಗಳೂರು ಇದೆ. ಅಳಿವೆಯ ಒಳಬದಿಯಲ್ಲಿರುವ ಹಳೆ ಬಂದರಿನ ದಕ್ಕೆಯೇ ಇಲ್ಲಿನ ಮೀನುಗಾರಿಕೆಯ ಕೇಂದ್ರ. ಹೀಗಾಗಿ ಕಡಲ ಮೀನಿನ ಜೊತೆಗೆ ಅಳಿವೆಯ ಮರುವಾಯಿ, ಏಡಿ, ಸಿಗಡಿ ಮತ್ತು ಹೊಳೆಮೀನು ಕೂಡ ಊರಿನ ಅಡುಗೆಮನೆಗಳಿಗೆ ಬರುತ್ತವೆ. ಅಡುಗೆಯ ಬಗೆಗಳೂ ಒಂದೆರಡಲ್ಲ. ಮೊಗವೀರರು, ಬಂಟರು, ಬಿಲ್ಲವರು ಮುಂತಾದ ತುಳು ಮಾತಿನ ಸಮುದಾಯಗಳು, ಗೌಡ ಸಾರಸ್ವತರು, ಕೊಂಕಣಿ ಕ್ರೈಸ್ತರು, ಬ್ಯಾರಿಗಳು, ಹೀಗೆ ಪ್ರತಿಯೊಬ್ಬರ ಮನೆಯಲ್ಲೂ ಮಸಾಲೆಯ ಪಾಕ ಬೇರೆ, ಹುಳಿಯ ಮೂಲ ಬೇರೆ.

ಯಾವ ಕಾಲ ಒಳ್ಳೆಯದು

ಕರ್ನಾಟಕ ಸೇರಿದಂತೆ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಹಲವು ಜಾತಿಯ ಮೀನುಗಳು ಮೊಟ್ಟೆಯಿಡುವ ಕಾಲವೂ ಅದೇ, ಕಡಲು ಉಕ್ಕುವ ಕಾಲವೂ ಅದೇ. ಸಾಂಪ್ರದಾಯಿಕ ನಾಡದೋಣಿಗಳಿಗೆ ನಿಷೇಧದಿಂದ ವಿನಾಯಿತಿ ಇದೆ. ಅಲೆಗಳ ಅಬ್ಬರ ಇಳಿದ ದಿನಗಳಲ್ಲಿ ಅವು ತರುವ ಸ್ವಲ್ಪ ಮೀನಿಗೆ ಬೇಡಿಕೆಯೂ ಹೆಚ್ಚು, ಬೆಲೆಯೂ ಹೆಚ್ಚು. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ ಇರುತ್ತದೆ. ಆದ್ದರಿಂದ ಜೂನ್ ಅರ್ಧ ಕಳೆದ ಮೇಲೆ ಆ ಕಡೆಯ ಮೀನು ಐಸ್‌ಪೆಟ್ಟಿಗೆಗಳಲ್ಲಿ ಪಶ್ಚಿಮಕ್ಕೂ ಬರುತ್ತದೆ. ಮಳೆಗಾಲದಲ್ಲಿ ಮಂಗಳೂರಿನ ಹೋಟೆಲುಗಳು ಮುಚ್ಚುವುದಿಲ್ಲ, ಆದರೆ ತಟ್ಟೆಗೆ ಬರುವುದರಲ್ಲಿ ದೂರದಿಂದ ಬಂದ ಮೀನಿನ ಪಾಲು ದೊಡ್ಡದು.

ಆಗಸ್ಟಿನಲ್ಲಿ ದೋಣಿಗಳು ಮತ್ತೆ ಕಡಲಿಗೆ ಹೊರಡುತ್ತವೆ. ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗಿನ ತಿಂಗಳುಗಳು ಬಂಗುಡೆಗೆ ಒಳ್ಳೆಯ ಕಾಲ. ಬೂತಾಯಿಯೂ ಈ ಅವಧಿಯಲ್ಲಿ ಬರುತ್ತದೆ, ಆದರೆ ಅದರ ಇಳುವರಿ ವರ್ಷದಿಂದ ವರ್ಷಕ್ಕೆ ತೀರಾ ಏರುಪೇರಾಗುತ್ತದೆ. ಮಳೆ ನಿಂತು ಸೆಕೆ ಏರುವ ಮುಂಚಿನ ನವೆಂಬರ್‌ನಿಂದ ಫೆಬ್ರುವರಿವರೆಗಿನ ಸಮಯ ತಿರುಗಾಟಕ್ಕೂ ಊಟಕ್ಕೂ ಹಿತಕರ. ಏಪ್ರಿಲ್, ಮೇ ತಿಂಗಳಲ್ಲಿ ಮೀನು ಸಿಕ್ಕರೂ ಸೆಕೆಯಲ್ಲಿ ಮಧ್ಯಾಹ್ನದ ಖಾರದ ಊಟ ಹೊರಗಿನವರಿಗೆ ಕಷ್ಟವಾಗುತ್ತದೆ.

ವಾರದ ದಿನಕ್ಕೂ ಲೆಕ್ಕವಿದೆ. ಭಾನುವಾರ ಊರಿನವರೇ ಮೀನಿಗಾಗಿ ಮುಗಿಬೀಳುವುದರಿಂದ ಮಾರುಕಟ್ಟೆಯಲ್ಲಿ ಬೆಲೆ ಏರುತ್ತದೆ. ದೊಡ್ಡ ಹೋಟೆಲುಗಳಲ್ಲಿ ಕಾಯಬೇಕಾಗುತ್ತದೆ, ಕೆಲವು ಚಿಕ್ಕ ಹೋಟೆಲುಗಳಿಗೆ ಅಂದು ರಜೆ. ಸೋಮವಾರ ಅನೇಕ ಮನೆಗಳಲ್ಲಿ ಮೀನಿಲ್ಲ. ಶ್ರಾವಣದಲ್ಲಿ ಮೀನು ಬಿಡುವವರೂ ಬಹಳ. ಶುಕ್ರವಾರ ಮತ್ತು ಶನಿವಾರವನ್ನು ಊಟಕ್ಕಿಟ್ಟುಕೊಂಡು ಭಾನುವಾರ ಬೆಳಿಗ್ಗೆ ಹೊರಟರೆ ಈ ನೂಕುನುಗ್ಗಲು ತಪ್ಪುತ್ತದೆ.

ಮೀನಿನ ಹೆಸರುಗಳು

ಒಂದೇ ಮೀನಿಗೆ ತುಳುವಿನಲ್ಲಿ ಒಂದು ಹೆಸರು, ಕೊಂಕಣಿಯಲ್ಲಿ ಇನ್ನೊಂದು, ಉತ್ತರಕ್ಕೆ ಕುಂದಾಪುರ ದಾಟಿದರೆ ಮತ್ತೊಂದು. ಮಂಗಳೂರಿನ ಹೋಟೆಲುಗಳಲ್ಲಿ ತುಳು ಹೆಸರುಗಳೇ ಹೆಚ್ಚು ನಡೆಯುವುದರಿಂದ ಅವನ್ನು ತಿಳಿದಿರುವುದು ಅನುಕೂಲ.

ದಿನನಿತ್ಯದ ಮೀನುಗಳಲ್ಲಿ ಬಂಗುಡೆ ಮತ್ತು ಬೂತಾಯಿ ಮುಖ್ಯ. ಬೂತಾಯಿಯನ್ನು ಕುಂದಾಪುರದ ಕಡೆ ಬೈಗೆ ಎನ್ನುತ್ತಾರೆ, ಕೊಂಕಣಿಯಲ್ಲಿ ತಾರ್ಲೆ. ಎರಡೂ ಎಣ್ಣೆಯಂಶದ ಮೀನುಗಳು, ಬೆಲೆ ಕಡಿಮೆ, ರುಚಿ ಗಾಢ. ಬೂತಾಯಿಯಲ್ಲಿ ಸಣ್ಣ ಮುಳ್ಳುಗಳು ಬಹಳ, ಬಂಗುಡೆಯಲ್ಲಿ ಕಡಿಮೆ. ಬೆಳ್ಳಗೆ ಹೊಳೆಯುವ ಪುಟ್ಟ ಬೊಳೆಂಜಿರ್ ಹುರಿದರೆ ಗರಿಗರಿಯಾಗುತ್ತದೆ, ಮುಳ್ಳುಸಮೇತ ತಿನ್ನಬಹುದು.

ದುಬಾರಿ ಸಾಲಿನಲ್ಲಿ ಅಂಜಲ್ ಮತ್ತು ಮಾಂಜಿ ಬರುತ್ತವೆ. ಅಂಜಲನ್ನು ಕೊಂಕಣಿಯಲ್ಲಿ ಇಸ್ವಣ ಎಂದೂ ಮುಂಬಯಿಯ ಪ್ರಭಾವದಿಂದ ಸುರಮಯಿ ಎಂದೂ ಕರೆಯುತ್ತಾರೆ. ಅಡ್ಡಕ್ಕೆ ಕತ್ತರಿಸಿದ ಅದರ ಹೋಳಿನಲ್ಲಿ ನಡುವಿನ ಮುಳ್ಳೊಂದನ್ನು ತೆಗೆದರೆ ಉಳಿದದ್ದೆಲ್ಲ ಮಾಂಸವೇ. ಮಾಂಜಿ ಎಂದರೆ ಪಾಂಪ್ಲೆಟ್. ಬಿಳಿ ಮಾಂಜಿಗೆ ಕಪ್ಪಿಗಿಂತ ಬೆಲೆ ಹೆಚ್ಚು, ಮಾಂಸ ನವಿರು. ಇವೆರಡರ ನಡುವಿನ ದರ್ಜೆಯಲ್ಲಿ ನಿಲ್ಲುವುದು ಕಾಣೆ. ಉದ್ದವಾದ, ಮೆದು ಮಾಂಸದ ಈ ಮೀನಿನ ನಡುಮುಳ್ಳು ಹಿಡಿದೆಳೆದರೆ ಒಟ್ಟಾಗಿಯೇ ಬರುತ್ತದೆ. ಮಕ್ಕಳಿಗೂ ಮೀನು ತಿಂದು ರೂಢಿಯಿಲ್ಲದವರಿಗೂ ಅಂಜಲ್ ಮತ್ತು ಕಾಣೆ ಸುಲಭ. ಚಪ್ಪಟೆಯಾದ ನಂಗ್, ಕೆಂಬಣ್ಣದ ಮದಿಮಾಲ್, ಕೊಡ್ಡಾಯಿ, ಮುರು ಮೊದಲಾದವು ಎಲ್ಲ ಹೋಟೆಲುಗಳ ಪಟ್ಟಿಯಲ್ಲಿ ಇರುವುದಿಲ್ಲ. ಸಿಕ್ಕ ದಿನ ಬಿಡಬಾರದು.

ಸಿಗಡಿಗೆ ತುಳುವಿನಲ್ಲಿ ಎಟ್ಟಿ, ಏಡಿಗೆ ಡೆಂಜಿ. ಅಳಿವೆಯ ಮರಳಿನಿಂದ ಬಾಚಿ ತೆಗೆಯುವ ಚಿಪ್ಪಿನ ಜೀವಿ ಮರುವಾಯಿ, ಕೊಂಕಣಿಯಲ್ಲಿ ಖುಬೆ. ಚಿಪ್ಪಿಲ್ಲದ, ಕೊಳವೆಯಂಥ ಮೈಯ ಬೊಂಡಾಸ್ ಹೆಚ್ಚು ಬೆಂದರೆ ರಬ್ಬರಿನಂತಾಗುತ್ತದೆ. ಆದ್ದರಿಂದ ಅದನ್ನು ಗಿರಾಕಿ ಹೇಳಿದ ಮೇಲೆ ಮಾಡಿಕೊಡುವ ಹೋಟೆಲಿನಲ್ಲೇ ತಿನ್ನಬೇಕು.

ಮೀನು ಹಿಡಿದ ಬಗೆಗೂ ಅದರ ತಾಜಾತನಕ್ಕೂ ಸಂಬಂಧವಿದೆ. ಪರ್ಸೀನ್ ದೋಣಿಗಳು ಸಾಮಾನ್ಯವಾಗಿ ಒಂದೇ ದಿನದಲ್ಲಿ ಮರಳುತ್ತವೆ. ಗುಂಪಾಗಿ ಮೇಲ್ನೀರಿನಲ್ಲಿ ಓಡಾಡುವ ಬಂಗುಡೆ, ಬೂತಾಯಿಗಳು ಹೆಚ್ಚಾಗಿ ಇವುಗಳ ಬಲೆಗೇ ಬೀಳುತ್ತವೆ. ಆಳಸಮುದ್ರಕ್ಕೆ ಹೋಗುವ ಟ್ರಾಲ್ ದೋಣಿಗಳು ವಾರಕ್ಕೂ ಹೆಚ್ಚು ಕಾಲ ನೀರಿನ ಮೇಲಿರುತ್ತವೆ. ಬೊಂಡಾಸ್, ಮದಿಮಾಲ್ ಮುಂತಾದವನ್ನು ಅಷ್ಟೂ ದಿನ ಐಸಿನಲ್ಲಿಟ್ಟು ತರುತ್ತಾರೆ. ಐಸ್ ಸರಿಯಾಗಿ ಹಾಕಿದ್ದರೆ ಅದರಿಂದ ತೊಂದರೆಯೇನೂ ಇಲ್ಲ. ಆದರೆ ಹಿಡಿದ ದಿನವೇ ತಿನ್ನುವ ಮೀನಿನ ರುಚಿ ಬೇಕೆಂದರೆ ಬಂಗುಡೆ, ಬೂತಾಯಿ, ಕಾಣೆಗಳನ್ನೇ ಕೇಳಬೇಕು. ಬೆಲೆ ಕಡಿಮೆಯೆಂದು ಹೊರಗಿನವರು ಕಡೆಗಣಿಸುವ ಬಂಗುಡೆಯೇ ಹೆಚ್ಚಿನ ದಿನಗಳಲ್ಲಿ ಆ ಹೋಟೆಲಿನ ಅತಿ ತಾಜಾ ಮೀನು.

ಅಡುಗೆಯ ಬಗೆಗಳು

ಮಂಗಳೂರಿನ ಮೀನಿನ ಅಡುಗೆಯನ್ನು ಸ್ಥೂಲವಾಗಿ ಐದು ಬಗೆ ಮಾಡಬಹುದು. ಎರಡು ದಿನಗಳಲ್ಲಿ ಐದನ್ನೂ ಒಂದೊಂದು ಸಲ ತಿನ್ನುವುದು ಸಾಧ್ಯ.

ಮೊದಲನೆಯದು ಫ್ರೈ. ಇದರಲ್ಲಿ ಎರಡು ದಾರಿಗಳಿವೆ. ರವಾ ಫ್ರೈಯಲ್ಲಿ ಮಸಾಲೆ ಸವರಿದ ಮೀನನ್ನು ರವೆಯಲ್ಲಿ ಹೊರಳಿಸಿ ಹುರಿಯುತ್ತಾರೆ. ಹೊರಗೆ ಗರಿ, ಒಳಗೆ ಮೆದು, ಖಾರ ಸೌಮ್ಯ. ಕಾಣೆಗೆ ಇದು ಹೇಳಿ ಮಾಡಿಸಿದ್ದು. ತವಾ ಫ್ರೈ ಅಥವಾ ಮಸಾಲಾ ಫ್ರೈಯಲ್ಲಿ ರವೆ ಇಲ್ಲ. ಬ್ಯಾಡಗಿ ಮೆಣಸು, ಬೆಳ್ಳುಳ್ಳಿ, ಹುಣಸೆ ಸೇರಿದ ಕೆಂಪು ಮಸಾಲೆಯನ್ನು ದಪ್ಪಗೆ ಮೆತ್ತಿ, ಕಾವಲಿಯ ಮೇಲೆ ಎಣ್ಣೆ ಬಿಟ್ಟು ಬೇಯಿಸುತ್ತಾರೆ. ಕಾವಲಿಯಲ್ಲಿ ಉಳಿದು ಹುರಿದ ಮಸಾಲೆಯನ್ನು ಮೀನಿನ ಮೇಲೆ ಸುರಿದು ಕೊಡುವ ಹೋಟೆಲುಗಳಲ್ಲಿ ಆ ಮಸಾಲೆಯನ್ನು ಅನ್ನಕ್ಕೆ ಕಲಸಿಕೊಳ್ಳುವುದು ವಾಡಿಕೆ. ಬಂಗುಡೆ, ಅಂಜಲ್, ಮಾಂಜಿ ಮೂರಕ್ಕೂ ಈ ಕ್ರಮ ಸರಿಹೋಗುತ್ತದೆ.

ಎರಡನೆಯದು ಪುಳಿಮುಂಚಿ, ಎಂದರೆ ಹುಳಿ-ಖಾರದ ದಪ್ಪ ಸಾರು. ಹುರಿದ ಮೆಣಸು, ಕೊತ್ತಂಬರಿ, ಜೀರಿಗೆ, ಮೆಂತೆ, ಕಾಳುಮೆಣಸುಗಳನ್ನು ಹುಣಸೆಯೊಡನೆ ಅರೆದು ಮಾಡುವ ಇದಕ್ಕೆ ಸಾಮಾನ್ಯವಾಗಿ ತೆಂಗಿನಕಾಯಿ ಬೀಳುವುದಿಲ್ಲ. ಎಣ್ಣೆಯಂಶದ ಮೀನಿಗೆ ಗಟ್ಟಿ ಹುಳಿ ಬೇಕು. ಹಾಗಾಗಿ ಬೂತಾಯಿ ಮತ್ತು ಬಂಗುಡೆಯ ಪುಳಿಮುಂಚಿಗೆ ಹೆಸರು. ಮಸಾಲೆ ಮೀನಿನೊಳಕ್ಕೆ ಇಳಿಯಲು ಹೊತ್ತು ಬೇಕಾದ್ದರಿಂದ ಮಾಡಿ ಕೆಲವು ಗಂಟೆ ಕಳೆದ ಮೇಲೆ ರುಚಿ ಹೆಚ್ಚುತ್ತದೆ. ಮನೆಗಳಲ್ಲಿ ಹಿಂದಿನ ರಾತ್ರಿಯ ಸಾರನ್ನು ಬೆಳಗಿನ ನೀರ್‌ದೋಸೆಗೆ ಉಳಿಸಿಕೊಳ್ಳುವುದು ಇದೇ ಕಾರಣಕ್ಕೆ.

ಮೂರನೆಯದು ಗಸಿ. ತೆಂಗಿನಕಾಯಿಯನ್ನು ಹುರಿದ ಮಸಾಲೆಯೊಡನೆ ನುಣ್ಣಗೆ ಅರೆದು ಮಾಡುವ ಮಂದ ಸಾರು ಇದು. ಕೋಳಿಯ ಗಸಿಯಷ್ಟೇ ಎಟ್ಟಿಯ ಗಸಿಯೂ ಪ್ರಸಿದ್ಧ. ನಾಲ್ಕನೆಯದು ಸುಕ್ಕ. ಇದರಲ್ಲಿ ಕಾಯಿಯನ್ನು ತರಿತರಿಯಾಗಿ ಜಜ್ಜಿ, ನೀರು ಆರುವವರೆಗೆ ಬೇಯಿಸುತ್ತಾರೆ. ಮರುವಾಯಿ ಸುಕ್ಕ, ಡೆಂಜಿ ಸುಕ್ಕ, ಎಟ್ಟಿ ಸುಕ್ಕಗಳಲ್ಲಿ ಮರುವಾಯಿಯದು ಕರಾವಳಿಯ ಹೊರಗೆ ಸಿಗುವುದು ಅಪರೂಪವಾದ್ದರಿಂದ ಮೊದಲು ಅದನ್ನೇ ಆರಿಸುವುದು ಒಳ್ಳೆಯದು. ಅದರಲ್ಲಿ ಚಿಪ್ಪಿನ ಒಂದು ಹೋಳು ಮಾಂಸದೊಂದಿಗೆ ಹಾಗೆಯೇ ಇರುತ್ತದೆ. ಕೈಯಲ್ಲಿ ಹಿಡಿದು ಹೀರಿ ತಿನ್ನಬೇಕು, ಚಮಚದ ಕೆಲಸವಲ್ಲ.

ಐದನೆಯದು ಘೀ ರೋಸ್ಟ್. ಮಂಗಳೂರಿನಿಂದ ಉತ್ತರಕ್ಕಿರುವ ಕುಂದಾಪುರದ ಶೆಟ್ಟಿ ಲಂಚ್ ಹೋಮ್‌ನ ಕೋಳಿಯ ಅಡುಗೆಯಾಗಿ ಹೆಸರು ಮಾಡಿದ ಇದು ಈಗ ಸಿಗಡಿ, ಏಡಿ, ಬೊಂಡಾಸ್‌ಗೂ ಹಬ್ಬಿದೆ. ಬ್ಯಾಡಗಿ ಮೆಣಸಿನ ಮಸಾಲೆ ತುಪ್ಪದಲ್ಲಿ ಹುರಿದು ಕಡುಗೆಂಪಾಗಿ ಮೀನಿಗೆ ಅಂಟಿಕೊಳ್ಳುತ್ತದೆ. ತುಪ್ಪ ಹೆಚ್ಚು ಇರುವುದರಿಂದ ಇಬ್ಬರಿಗೆ ಒಂದು ತಟ್ಟೆ ಸಾಕಾಗುತ್ತದೆ.

ಸಮುದಾಯಗಳ ಅಡುಗೆಮನೆಗಳಿಗೆ ಹೋದರೆ ಈ ಐದು ಬಗೆಗಳ ಆಚೆಗೂ ಹೋದಂತೆ. ಗೌಡ ಸಾರಸ್ವತರು ಬಂಗುಡೆಯ ಸಾರಿಗೆ ತೆಪ್ಪಲ್ ಎಂಬ ಘಮದ ಕಾಯಿ ಹಾಕುತ್ತಾರೆ. ಅದು ನಾಲಿಗೆಯನ್ನು ಜುಮ್ಮೆನಿಸುತ್ತದೆ, ಜಗಿಯದೆ ಬದಿಗಿಡಬೇಕು. ಕ್ರೈಸ್ತರ ಫ್ರೈಗೆ ಮೀಟ್ ಮಿರ್ಸಾಂಗ್ ಎಂಬ ಉಪ್ಪು-ಮೆಣಸಿನ ಮಸಾಲೆ ಬೀಳುತ್ತದೆ, ಅವರ ಸಾಂದ್ರ ಮಸಾಲೆಗಳಲ್ಲಿ ವಿನೆಗರ್ ಇರುತ್ತದೆ. ಸಿಗಡಿಯನ್ನೂ ಮರುವಾಯಿಯನ್ನೂ ಬಸಳೆಯ ದಂಟಿನೊಡನೆ ಬೇಯಿಸುವುದು ತುಳುನಾಡಿನ ಮನೆಗಳ ಅಚ್ಚುಮೆಚ್ಚು. ಹುಳಿಗೆ ಹುಣಸೆಯ ಬದಲು ಜಾರಿಗೆ, ಬಿಂಬುಳಿ ಅಥವಾ ಮಾವಿನಕಾಯಿ ಬಳಸುವುದೂ ಉಂಟು. ಇವೆಲ್ಲ ಪ್ರತಿದಿನ ಹೋಟೆಲಿನಲ್ಲಿ ಸಿಗುವುದಿಲ್ಲ. ಪಟ್ಟಿಯಲ್ಲಿ ಕಂಡರೆ ತಪ್ಪಿಸಬಾರದು.

ಜೊತೆಗೆ ಏನು

ಮಧ್ಯಾಹ್ನದ ಊಟದ ಆಧಾರ ಕುಚ್ಚಲಕ್ಕಿ ಅನ್ನ. ದಪ್ಪ ಅಗುಳಿನ ಈ ಅನ್ನ ಖಾರ ಮತ್ತು ಹುಳಿಯನ್ನು ಹದಕ್ಕೆ ತರುತ್ತದೆ. ರೂಢಿಯಿಲ್ಲದವರಿಗೆ ಬೆಳ್ತಿಗೆ ಅನ್ನವನ್ನೂ ಕೊಡುತ್ತಾರೆ. ರಾತ್ರಿ ಗಸಿ ಮತ್ತು ಘೀ ರೋಸ್ಟ್‌ಗೆ ನೀರ್‌ದೋಸೆ ಒಳ್ಳೆಯ ಜೊತೆ, ಏಕೆಂದರೆ ತೆಳುವಾದ ಅದರ ಪದರ ಸಾರನ್ನು ಹೀರುತ್ತದೆ. ಅಕ್ಕಿಯ ಗರಿ ಹಾಳೆಗಳಾದ ರೊಟ್ಟಿ ಮುಖ್ಯವಾಗಿ ಕೋಳಿ ಗಸಿಯ ಜೊತೆಗಾರ. ಅದನ್ನು ಮುರಿದು ಹಾಕಿ, ಮೇಲೆ ಸಾರು ಸುರಿದು, ಮೆತ್ತಗಾಗುವ ಮೊದಲೇ ತಿನ್ನಬೇಕು. ಅಕ್ಕಿಯ ಉಂಡೆಗಳಾದ ಪುಂಡಿಯನ್ನು ಮರುವಾಯಿಯ ಸಾರಿನಲ್ಲೇ ಬೇಯಿಸಿದ ಮರುವಾಯಿ ಪುಂಡಿ ಒಂದು ಪೂರ್ತಿ ಊಟ. ಕ್ರೈಸ್ತರ ಸನ್ನ, ಬ್ಯಾರಿಗಳ ಪತ್ತಿರ್ ಮತ್ತು ಪಿಂಡಿಗಳಿಗೂ ಆಧಾರ ಅಕ್ಕಿಯೇ.

ಊಟದ ಕೊನೆಗೆ ಪುನರ್ಪುಳಿಯ ಸಾರು ಅಥವಾ ಶರಬತ್ತು ಕೇಳುವುದು ಒಳ್ಳೆಯದು. ಅದರ ತಣ್ಣನೆಯ ಹುಳಿ ಎಣ್ಣೆಯ ಭಾರವನ್ನು ಇಳಿಸುತ್ತದೆ.

ಹೋಟೆಲುಗಳ ಬಗೆ

ಮೀನಿನ ಊಟದ ಹೋಟೆಲುಗಳು ಮೂರು ತೆರನಾಗಿವೆ. ಮೊದಲನೆಯವು ಬಂದರು, ಕಾರ್‌ಸ್ಟ್ರೀಟ್, ಸ್ಟೇಟ್ ಬ್ಯಾಂಕ್ ಸುತ್ತಲಿನ ಹಳೆಯ ಚಿಕ್ಕ ಹೋಟೆಲುಗಳು. ಬೆಂಚು, ಉಕ್ಕಿನ ತಟ್ಟೆ, ಕಾವಲಿಯ ಹೊಗೆ. ಕುರ್ಚಿ ಖಾಲಿಯಾದ ಕೂಡಲೇ ಇನ್ನೊಬ್ಬರು ಕೂರುತ್ತಾರೆ. ಬಂದರಿನ ನಾರಾಯಣ ಹೋಟೆಲು ತವಾ ಫ್ರೈಗೆ ಹೆಸರಾಗಿರುವುದು ಈ ಸಾಲಿನಲ್ಲೇ. ಕಾರ್‌ಸ್ಟ್ರೀಟಿನ ಗಿರಿಮಂಜಾಸ್ ಕೂಡ ಇದೇ ಗುಂಪಿಗೆ ಸೇರುತ್ತದೆ. ಇಂಥ ಕಡೆ ಮೀನು ಬೇಗ ಖರ್ಚಾಗುವುದರಿಂದ ಹಳಸುವ ಪ್ರಶ್ನೆ ಕಡಿಮೆ. ಮಧ್ಯಾಹ್ನ ಹನ್ನೆರಡೂವರೆಗೆ ಹೋದರೆ ಆಯ್ಕೆ ಪೂರ್ತಿ ಇರುತ್ತದೆ, ಎರಡೂವರೆ ದಾಟಿದರೆ ಉಳಿದದ್ದಷ್ಟೇ.

ಎರಡನೆಯವು ಕುಟುಂಬದೊಂದಿಗೆ ಕೂತು ಉಣ್ಣಲು ಅನುಕೂಲವಾದ ಮಧ್ಯಮ ದರ್ಜೆಯ ಹೋಟೆಲುಗಳು. ಶರವು ದೇವಸ್ಥಾನದ ಬಳಿಯ ಮಾಚ್ಲಿ ಇಂಥದ್ದೊಂದು. ಊಟದ ತಟ್ಟೆಯ ಜೊತೆಗೆ ಗಸಿ, ಸುಕ್ಕ, ಪುಳಿಮುಂಚಿಗಳೂ ಇಂಥ ಹೋಟೆಲುಗಳಲ್ಲಿ ಸಿಗುತ್ತವೆ. ಮೂರನೆಯವು ಹವಾನಿಯಂತ್ರಿತ ದೊಡ್ಡ ರೆಸ್ಟೋರೆಂಟುಗಳು. ಕದ್ರಿ ಗುಡ್ಡದ ಸರ್ಕಿಟ್ ಹೌಸ್ ಬಳಿಯ ಗಜಲಿ ಈ ವರ್ಗದ್ದು. ಏಡಿ, ದೊಡ್ಡ ಸಿಗಡಿ, ಇಡಿಯ ಮಾಂಜಿಯಂಥ ದುಬಾರಿ ಪದಾರ್ಥಗಳಿಗೂ ನಿಧಾನದ ರಾತ್ರಿಯೂಟಕ್ಕೂ ಇವು ಸರಿ. ರಜೆಯ ದಿನ ಮತ್ತು ಊಟದ ವೇಳೆ ಬದಲಾಗುತ್ತಿರುವುದರಿಂದ ಹೊರಡುವ ಮೊದಲು ಫೋನ್ ಮಾಡಿ ಕೇಳುವುದು ಕ್ಷೇಮ.

ಪಟ್ಟಿಯಲ್ಲಿಲ್ಲದ ಹೋಟೆಲನ್ನು ಅಳೆಯಲು ಕೆಲವು ಗುರುತುಗಳಿವೆ. ಮಧ್ಯಾಹ್ನ ಅಕ್ಕಪಕ್ಕದ ಅಂಗಡಿ, ಬ್ಯಾಂಕುಗಳ ನೌಕರರು ತುಂಬಿರುವುದು ಒಳ್ಳೆಯ ಲಕ್ಷಣ. ಅಂದಿನ ಮೀನುಗಳನ್ನು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿರುವುದು ಇನ್ನೂ ಒಳ್ಳೆಯದು. ಜುಲೈ ತಿಂಗಳ ನಡುವೆಯೂ ಹತ್ತಿಪ್ಪತ್ತು ಬಗೆಯ ಮೀನು ಇದೆಯೆನ್ನುವ ಹೋಟೆಲಿನ ಫ್ರೀಜರ್ ದೊಡ್ಡದಿರಬೇಕು.

ಆರ್ಡರ್ ಮತ್ತು ಬಿಲ್ಲು

"ಊಟ" ಎಂದು ಕೇಳಿದರೆ ಬರುವುದು ಅನ್ನ, ಮೀನಿನ ಸಾರು, ಪಲ್ಯ, ಉಪ್ಪಿನಕಾಯಿ ಅಥವಾ ಚಟ್ನಿ. ಸಾರಿನಲ್ಲಿ ಮೀನಿನ ತುಂಡು ಇರಬಹುದು, ಇಲ್ಲದೆಯೂ ಇರಬಹುದು. ಫ್ರೈಗೆ ಬೇರೆ ಬೆಲೆ. ಅನ್ನ ಮತ್ತು ಸಾರನ್ನು ಹಲವು ಕಡೆ ಮತ್ತೆ ಬಡಿಸುತ್ತಾರೆ. ಆದ್ದರಿಂದ ಮೊದಲು ಊಟ, ಜೊತೆಗೆ ಒಂದೇ ಫ್ರೈ ಹೇಳಿ, ಹಸಿವು ಉಳಿದರೆ ಎರಡನೆಯದನ್ನು ಹೇಳುವುದು ಜಾಣತನ.

ದೊಡ್ಡ ಮೀನುಗಳ ಮುಂದೆ ಪಟ್ಟಿಯಲ್ಲಿ ಬೆಲೆಯ ಬದಲು "ಎಪಿಎಸ್" ಎಂದಿರುತ್ತದೆ, ಗಾತ್ರಕ್ಕೆ ತಕ್ಕ ಬೆಲೆ ಎಂದು ಅರ್ಥ. ಇಡಿಯ ಮಾಂಜಿ, ಏಡಿ, ದೊಡ್ಡ ಸಿಗಡಿಗಳಿಗೆ ಇದು ಸಾಮಾನ್ಯ. ಇದರಲ್ಲಿ ಮೋಸವೇನಿಲ್ಲ, ಆದರೆ ಬೆಲೆ ಕೇಳದೆ ಹೇಳಿದವರಿಗೆ ಬಿಲ್ಲು ಕಂಡು ಗಾಬರಿಯಾಗುತ್ತದೆ. ಕೆಲವು ಹೋಟೆಲುಗಳಲ್ಲಿ ಮಸಾಲೆ ಹಚ್ಚಿದ ಹಸಿ ಮೀನುಗಳನ್ನು ತಟ್ಟೆಯಲ್ಲಿಟ್ಟು ಮೇಜಿಗೇ ತಂದು ತೋರಿಸುತ್ತಾರೆ. ಆಗ ಬೆರಳು ತೋರಿಸಿ ಆರಿಸಿ, ಬೆಲೆ ಕೇಳಿ, ಆಮೇಲೆ ಒಪ್ಪಬಹುದು. ಇಂದು ಬಂದ ಮೀನು ಯಾವುದೆಂದು ಬಡಿಸುವವರನ್ನು ಕೇಳುವುದು ಪಟ್ಟಿ ಓದುವುದಕ್ಕಿಂತ ಹೆಚ್ಚು ಪ್ರಯೋಜನಕರ. "ಇನಿ ದಾದ ಮೀನ್ ಉಂಡು?" ಎಂದು ತುಳುವಿನಲ್ಲಿ ಕೇಳಿದರೂ ಆಯಿತು, ಕನ್ನಡದಲ್ಲಿ ಕೇಳಿದರೂ ಆಯಿತು.

ನಾಲ್ವರು ಒಟ್ಟಿಗೆ ಇದ್ದರೆ ನಾಲ್ಕು ಬೇರೆ ಮೀನು, ನಾಲ್ಕು ಬೇರೆ ಅಡುಗೆ ಹೇಳಿ ಹಂಚಿಕೊಳ್ಳಬಹುದು. ಒಬ್ಬರೇ ಇದ್ದರೆ ಊಟದೊಂದಿಗೆ ಒಂದು ಚಿಕ್ಕ ಮೀನಿನ ಫ್ರೈ ಸಾಕು. ಖಾರ ಕಡಿಮೆ ಬೇಕಾದವರು ರವಾ ಫ್ರೈಯನ್ನೇ ಆರಿಸಬೇಕು. ಮೊದಲೇ ಮಾಡಿಟ್ಟ ಸಾರಿನ ಖಾರವನ್ನು ಆಮೇಲೆ ತಗ್ಗಿಸಲಾಗದು.

ಎರಡು ದಿನದ ಯೋಜನೆ

ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿ.ಮೀ. ರಾತ್ರಿ ಬಸ್ಸಿನಲ್ಲಿ ಹೊರಟವರು ಬೆಳಿಗ್ಗೆ ತಲುಪುತ್ತಾರೆ. ಹಂಪನಕಟ್ಟೆ ಅಥವಾ ಕೊಡಿಯಾಲಬೈಲ್ ಸುತ್ತ ವಸತಿ ಹಿಡಿದರೆ ಮೇಲೆ ಹೇಳಿದ ಹೆಚ್ಚಿನ ಹೋಟೆಲುಗಳು ಆಟೊ ದೂರದಲ್ಲೇ ಇರುತ್ತವೆ. ಮಂಗಳೂರು ಸೆಂಟ್ರಲ್ ರೈಲು ನಿಲ್ದಾಣವೂ ನಗರದ ಬಸ್ಸುಗಳು ಹೊರಡುವ ಸ್ಟೇಟ್ ಬ್ಯಾಂಕ್ ನಿಲ್ದಾಣವೂ ಹತ್ತಿರ.

ಮೊದಲ ದಿನ ಬೆಳಿಗ್ಗೆ ಹಗುರವಾಗಿ ತಿನ್ನಬೇಕು; ಬನ್ಸ್ ಅಥವಾ ನೀರ್‌ದೋಸೆ ಸಾಕು. ಊಟದವರೆಗಿನ ಹೊತ್ತಿನಲ್ಲಿ ಸಂತ ಅಲೋಶಿಯಸ್ ಚಾಪೆಲ್ ನೋಡಬಹುದು. ಅದರ ಗೋಡೆ ಮತ್ತು ಚಾವಣಿಯ ವರ್ಣಚಿತ್ರಗಳು ಇಟಲಿಯ ಅಂತೋನಿಯೊ ಮೊಸ್ಕೇನಿಯವು. ಮಧ್ಯಾಹ್ನ ಬಂದರಿನ ಕಡೆಯ ಚಿಕ್ಕ ಹೋಟೆಲಿನಲ್ಲಿ ಊಟ ಮತ್ತು ಬಂಗುಡೆಯ ತವಾ ಫ್ರೈ. ಸಂಜೆ ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋಗಿ, ಅಲ್ಲಿಂದ ದೋಣಿಯಲ್ಲಿ ಹೊಳೆ ದಾಟಿ ತಣ್ಣೀರುಬಾವಿಯ ಕಡಲತೀರ ಸೇರಬಹುದು. ಮಳೆಗಾಲದಲ್ಲಿ ದೋಣಿ ನಿಂತಿದ್ದರೆ ರಸ್ತೆಯೇ ಗತಿ. ರಾತ್ರಿ ಮಧ್ಯಮ ದರ್ಜೆಯ ಹೋಟೆಲಿನಲ್ಲಿ ಮರುವಾಯಿ ಸುಕ್ಕ, ಎಟ್ಟಿ ಗಸಿ, ನೀರ್‌ದೋಸೆ. ಕೊನೆಗೆ ಹಣ್ಣು, ಜೆಲ್ಲಿ, ಒಣಹಣ್ಣುಗಳನ್ನು ಹಲವು ಬಗೆಯ ಐಸ್‌ಕ್ರೀಮಿನೊಡನೆ ಪದರಪದರವಾಗಿ ತುಂಬಿದ ಗಡ್‌ಬಡ್. 1975ರಲ್ಲಿ ಆರಂಭವಾದ ಐಡಿಯಲ್ ಐಸ್‌ಕ್ರೀಮ್‌ನ ಅಂಗಡಿಗಳಲ್ಲೂ ಅದೇ ಸಂಸ್ಥೆಯ, ಲಾಲ್‌ಬಾಗಿನ ಪಬ್ಬಾಸ್‌ನಲ್ಲೂ ಅದು ಸಿಗುತ್ತದೆ.

ಎರಡನೆಯ ದಿನ ನಸುಕಿನಲ್ಲಿ ದಕ್ಕೆಗೆ ಹೋಗಬೇಕು. ದೋಣಿಗಳಿಂದ ಬುಟ್ಟಿಗಳು ಇಳಿಯುವುದು, ಹರಾಜು, ಐಸ್ ತುಂಬುವುದು, ಬುಟ್ಟಿ ಹೊತ್ತು ಹೊರಡುವ ಮೀನು ಮಾರುವ ಹೆಂಗಸರು, ಎಲ್ಲವೂ ಮುಂಜಾನೆಯೇ ಮುಗಿಯುವ ಕೆಲಸ. ನೆಲ ಜಾರುತ್ತದೆ, ಹಿಡಿತದ ಚಪ್ಪಲಿ ಬೇಕು. ಕೈಗಾಡಿಗಳಿಗೆ ದಾರಿ ಬಿಡಬೇಕು, ಚಿತ್ರ ತೆಗೆಯುವ ಮುನ್ನ ಕೇಳಬೇಕು. ಯಾವ ಮೀನು ಹೆಚ್ಚು ಬಂದಿದೆಯೆಂದು ಅಲ್ಲಿ ನೋಡಿಕೊಂಡರೆ ಮಧ್ಯಾಹ್ನ ಏನು ಕೇಳಬೇಕೆಂದು ತಾನಾಗಿಯೇ ನಿರ್ಧಾರವಾಗುತ್ತದೆ. ದಕ್ಕೆಗೆ ಹೋಗಲಾಗದಿದ್ದರೆ ಉರ್ವ ಅಥವಾ ಕಂಕನಾಡಿಯ ಮಾರುಕಟ್ಟೆಯಲ್ಲೂ ಇದೇ ತಿಳಿವಳಿಕೆ ಸಿಗುತ್ತದೆ. ಮಧ್ಯಾಹ್ನ ಪುಳಿಮುಂಚಿ ಮತ್ತು ಕಾಣೆಯ ರವಾ ಫ್ರೈ, ರಾತ್ರಿ ಸಿಗಡಿ ಅಥವಾ ಏಡಿಯ ಘೀ ರೋಸ್ಟ್. ಇಲ್ಲಿಗೆ ಐದು ಬಗೆಗಳೂ ಮುಗಿದವು.

ಮೂರನೆಯ ದಿನ ಸಿಕ್ಕರೆ ಉಡುಪಿ ದಾಟಿ ಮಲ್ಪೆಯವರೆಗೆ ಹೋಗಬಹುದು. ಸುಮಾರು 65 ಕಿ.ಮೀ. ದೂರದ ಅದು ರಾಜ್ಯದ ದೊಡ್ಡ ಮೀನುಗಾರಿಕಾ ಬಂದರುಗಳಲ್ಲೊಂದು. ಇನ್ನೂ ಮುಂದೆ ಕುಂದಾಪುರಕ್ಕೆ ಹೋದರೆ ಘೀ ರೋಸ್ಟನ್ನು ಅದರ ಮೂಲದಲ್ಲೇ ತಿನ್ನಬಹುದು.

ತಾಜಾತನ ಮತ್ತು ಆರೋಗ್ಯ

ತಾಜಾ ಮೀನಿನ ಕಣ್ಣು ಉಬ್ಬಿ ತಿಳಿಯಾಗಿರುತ್ತದೆ, ಕಿವಿರು ಕೆಂಪಾಗಿರುತ್ತದೆ, ಬೆರಳಿನಿಂದ ಒತ್ತಿದ ಮಾಂಸ ಮತ್ತೆ ಮೇಲೇಳುತ್ತದೆ. ವಾಸನೆ ಕಡಲನೀರಿನದಾಗಿರಬೇಕು, ಮೂಗಿಗೆ ಅಡರುವಂತಿರಬಾರದು. ಹುರಿದು ತಟ್ಟೆಗೆ ಬಂದ ಮೇಲೂ ಪರೀಕ್ಷೆ ಸಾಧ್ಯ. ತಾಜಾ ಮೀನಿನ ಮಾಂಸ ದಪ್ಪ ಎಸಳುಗಳಾಗಿ ಬಿಡಿಸಿಕೊಳ್ಳುತ್ತದೆ, ಹಳೆಯದು ಹಿಟ್ಟಾಗಿ ಪುಡಿಯಾಗುತ್ತದೆ.

ಬಂಗುಡೆ, ಬೂತಾಯಿ, ಕೇದರ (ಟ್ಯೂನಾ) ಮುಂತಾದ ಮೀನುಗಳನ್ನು ಹಿಡಿದ ಮೇಲೆ ಐಸಿಲ್ಲದೆ ಬಿಸಿಲಿನಲ್ಲಿಟ್ಟರೆ ಬ್ಯಾಕ್ಟೀರಿಯಾಗಳಿಂದ ಅವುಗಳಲ್ಲಿ ಹಿಸ್ಟಮಿನ್ ಸೇರಿಕೊಳ್ಳುತ್ತದೆ. ಬೇಯಿಸಿದರೂ ಹುರಿದರೂ ಅದು ಹೋಗುವುದಿಲ್ಲ. ಅಂಥ ಮೀನು ನಾಲಿಗೆಗೆ ಚುರುಕೆನ್ನಬಹುದು. ತಿಂದ ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪೇರುವುದು, ತಲೆನೋವು, ತುರಿಕೆ ಕಾಣಿಸಬಹುದು. ಮಸಾಲೆಯ ಖಾರವಲ್ಲದ ವಿಚಿತ್ರ ಚುರುಕು ಕಂಡರೆ ತಿನ್ನುವುದನ್ನು ಅಲ್ಲಿಗೇ ನಿಲ್ಲಿಸಬೇಕು. ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬೇಯಿಸಿದ ಮೇಲೂ ಬಾಯಿ ತೆರೆಯದ ಚಿಪ್ಪನ್ನು ಬಿಡಿಸಿ ತಿನ್ನಬಾರದು.

ಸಿಗಡಿ, ಏಡಿಗಳ ಅಲರ್ಜಿ ಇರುವವರು ಫ್ರೈ ಕೇಳುವಾಗಲೂ ಎಚ್ಚರದಿಂದಿರಬೇಕು, ಏಕೆಂದರೆ ಒಂದೇ ಕಾವಲಿ, ಒಂದೇ ಎಣ್ಣೆಯಲ್ಲಿ ಎಲ್ಲವನ್ನೂ ಹುರಿಯುವುದುಂಟು. ಯೂರಿಕ್ ಆಮ್ಲದ ತೊಂದರೆಯಿರುವವರು ಬೂತಾಯಿ ಮತ್ತು ಸಿಗಡಿಯನ್ನು ಮಿತಿಯಲ್ಲಿಡಬೇಕು. ಖಾರ ಒಗ್ಗದವರು ಎರಡೂ ದಿನ ಎರಡೂ ಹೊತ್ತು ಮಸಾಲೆ ತಿನ್ನುವ ಬದಲು ಒಂದು ಹೊತ್ತು ಗಂಜಿ-ಚಟ್ನಿಗೆ ಬದಲಾಯಿಸಿಕೊಂಡರೆ ಹೊಟ್ಟೆ ಸಹಕರಿಸುತ್ತದೆ.

ಮೀನು ತಿನ್ನದವರಿಗೆ

ಗುಂಪಿನಲ್ಲಿ ಸಸ್ಯಾಹಾರಿಗಳಿದ್ದರೂ ಯೋಜನೆ ಕೆಡುವುದಿಲ್ಲ. ಗೋಳಿಬಜೆ, ಬನ್ಸ್, ನೀರ್‌ದೋಸೆ, ಮಳೆಗಾಲದ ಕೆಸುವಿನೆಲೆಯ ಪತ್ರೊಡೆ, ಬಸಳೆಯ ಸಾರು ಇವೆಲ್ಲ ಇದೇ ಕರಾವಳಿಯ ರುಚಿಗಳು. ಹಂಪನಕಟ್ಟೆ ಮತ್ತು ಕಾರ್‌ಸ್ಟ್ರೀಟ್ ಸುತ್ತ ಹಳೆಯ ಸಸ್ಯಾಹಾರಿ ಹೋಟೆಲುಗಳಿವೆ. ಬೆಳಗಿನ ಮತ್ತು ಸಂಜೆಯ ತಿಂಡಿಯನ್ನು ಎಲ್ಲರೂ ಒಟ್ಟಿಗೆ ಅಲ್ಲಿ ತಿಂದು, ಊಟಕ್ಕಷ್ಟೇ ಬೇರೆಯಾಗುವುದು ಸುಲಭ. ಮೀನಿನ ಹೋಟೆಲಿನಲ್ಲಿ ಪೂರ್ತಿ ಪ್ರತ್ಯೇಕ ಅಡುಗೆಮನೆ ಇರುವುದು ಕಡಿಮೆಯಾದ್ದರಿಂದ ಕಟ್ಟುನಿಟ್ಟಿನ ಸಸ್ಯಾಹಾರಿಗಳನ್ನು ಅಲ್ಲಿಗೆ ಕರೆದೊಯ್ಯದಿರುವುದೇ ಮೇಲು.

ಕಟ್ಟಿಕೊಂಡು ಹೋಗಲು

ಹಸಿ ಮೀನು ಒಯ್ಯುವವರು ಹೊರಡುವ ದಿನವೇ ಕೊಂಡು, ಶುಚಿ ಮಾಡಿಸಿ, ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಮೀನಿನ ಕೆಳಗೂ ಮೇಲೂ ಐಸ್ ತುಂಬಿಸಿಕೊಳ್ಳಬೇಕು. ಬಸ್ಸಿನವರು ಮತ್ತು ವಿಮಾನ ಸಂಸ್ಥೆಯವರು ಒಪ್ಪುತ್ತಾರೆಯೇ ಎಂದು ಮೊದಲೇ ವಿಚಾರಿಸಬೇಕು. ಇಷ್ಟು ತೊಂದರೆ ಬೇಡವೆಂದರೆ ಒಣಮೀನು ಇದೆ, ತುಳುವಿನಲ್ಲಿ ನುಂಗೆಲ್. ಒಣಸಿಗಡಿಯನ್ನು ಹುರಿದು ಕಾಯಿ, ಮೆಣಸು, ಹುಣಸೆಯೊಡನೆ ಅರೆದರೆ ಚಟ್ನಿ ಸಿದ್ಧ. ಕೊಳ್ಳುವಾಗ ಒಣಮೀನು ಪೂರ್ತಿ ಒಣಗಿರಬೇಕು, ಬೂಷ್ಟು ಮತ್ತು ಹುಳುಗಳಿಲ್ಲವೆಂದು ನೋಡಿಕೊಳ್ಳಬೇಕು. ವಾಸನೆ ಹೊರಬರದಂತೆ ಎರಡು ಮೂರು ಪದರದ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಸುವುದು ಸಹಪ್ರಯಾಣಿಕರ ದೃಷ್ಟಿಯಿಂದ ಅಗತ್ಯ. ಮೀನೇ ಬೇಡವೆನ್ನುವವರು ಕುಚ್ಚಲಕ್ಕಿ, ಒಣಗಿಸಿದ ಪುನರ್ಪುಳಿ ಸಿಪ್ಪೆ, ಪುಳಿಮುಂಚಿ ಅಥವಾ ಘೀ ರೋಸ್ಟ್ ಮಸಾಲೆಯ ಪೊಟ್ಟಣಗಳನ್ನು ಒಯ್ಯಬಹುದು. ಇವು ತಿಂಗಳುಗಟ್ಟಲೆ ಕೆಡುವುದಿಲ್ಲ. ಒಳನಾಡಿನ ಮಾರುಕಟ್ಟೆಯಲ್ಲಿ ಸಿಗುವ ಬಂಗುಡೆಗೂ ಇವೇ ಮಸಾಲೆಗಳು ಒಪ್ಪುತ್ತವೆ.